ತಂದೆಯವರ ರಿವಾಲ್ವರ್

ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳು ಮುಟ್ಟಬಾರದ ಒಂದು ವಸ್ತುವಿರುತ್ತದೆ. ಕೆಲವರ ಮನೆಯಲ್ಲಿ ಅದು ದೇವರ ಪೆಟ್ಟಿಗೆ, ಕೆಲವರ ಮನೆಯಲ್ಲಿ ಲೆಕ್ಕದ ಪುಸ್ತಕ, ಮತ್ತೆ ಕೆಲವರ ಮನೆಯಲ್ಲಿ ಅಜ್ಜನ ಕಾಲದ ಗಡಿಯಾರ. ನಮ್ಮ ಮನೆಯಲ್ಲಿ ಅದು ತಂದೆಯವರ ರಿವಾಲ್ವರ್ ಆಗಿದ್ದಿತು.

ನಮ್ಮ ಊರು ಕಾನಹೊಸಹಳ್ಳಿ. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿಯನ್ನು ಮುಟ್ಟುವ ಮೊದಲು ಸಿಗುವ ಊರು. ಸುತ್ತಲೂ ಕೆಂಪು ನೆಲ, ಅಲ್ಲಲ್ಲಿ ಬಂಡೆಗಳ ಗುಡ್ಡ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಜೋಳ, ರಾಗಿ, ನವಣೆಗಳ ಜೊತೆಗೆ ಶೇಂಗಾ ಬೆಳೆಯುತ್ತದೆ. ತಂದೆಯವರದು ಶೇಂಗಾ ವ್ಯಾಪಾರ. ಸುಗ್ಗಿಯ ಕಾಲದಲ್ಲಿ ಹಳ್ಳಿಗಳನ್ನು ಸುತ್ತಿ ಕಾಯಿಯನ್ನು ಕೊಂಡು, ಎತ್ತಿನ ಗಾಡಿಗಳಲ್ಲಿ ಹೇರಿಸಿಕೊಂಡು ಕೊಟ್ಟೂರಿಗೋ ಚಳ್ಳಕೆರೆಗೋ ಒಯ್ದು ಮಾರುವರು. ಹೋಗುವಾಗ ಗಾಡಿಯ ತುಂಬ ಚೀಲಗಳು. ಬರುವಾಗ ಸೊಂಟದ ಸಂಚಿಯಲ್ಲಿ ರೈತರಿಗೆ ಸಲ್ಲಬೇಕಾದ ಹಣ. ರಾತ್ರಿಯ ದಾರಿ ನಿರ್ಜನವಾಗಿರುತ್ತಿತ್ತು. ಅದು ತಮ್ಮ ಹಣವಲ್ಲ, ಪರರ ಹಣವೆಂಬ ಚಿಂತೆ ಅವರನ್ನು ಕಾಡುತ್ತಿತ್ತು. ಆದುದರಿಂದ 1963ರಲ್ಲಿ ಅವರು ಬಳ್ಳಾರಿಗೆ ಹೋಗಿ, ಪರವಾನಿಗೆಯನ್ನು ಪಡೆದು, ಹಳೆಯದೊಂದು ರಿವಾಲ್ವರನ್ನು ಕೊಂಡು ತಂದರು. ಕೊಳ್ಳುವಾಗಲೇ ಅದಕ್ಕೆ ನಲವತ್ತು ವರ್ಷ ಮೀರಿತ್ತು.

ವರ್ಷದಲ್ಲಿ ಒಂದು ದಿನ ಮಾತ್ರ ನಾವು ಮಕ್ಕಳು ಅದನ್ನು ಹತ್ತಿರದಿಂದ ಕಾಣುತ್ತಿದ್ದೆವು. ಆಯುಧಪೂಜೆಯ ದಿನ ನೇಗಿಲು, ಕುಂಟೆ, ಕುಡುಗೋಲು, ತಕ್ಕಡಿ, ತೂಕದ ಕಲ್ಲುಗಳನ್ನೆಲ್ಲ ತೊಳೆದು ಸಾಲಾಗಿ ಇಡುತ್ತಿದ್ದರು. ಸಾಲಿನ ಕೊನೆಯಲ್ಲಿ ಆ ತೊಗಲಿನ ಚೀಲ. ಅವ್ವ ಅದಕ್ಕೂ ವಿಭೂತಿ, ಕುಂಕುಮ ಹಚ್ಚಿ ಹೂವನ್ನೇರಿಸುವಳು. ಪೂಜೆ ಮುಗಿದ ಕೂಡಲೇ ತಂದೆಯವರು ಅದನ್ನು ಒಳಗೆ ಒಯ್ದು ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕುವರು. ಬೀಗ ಹಾಕಿದಷ್ಟೂ ನಮ್ಮ ಕುತೂಹಲ ಬೆಳೆಯುತ್ತಿತ್ತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಆ ಕುತೂಹಲ ನನ್ನನ್ನು ದೊಡ್ಡದೊಂದು ಅನಾಹುತದ ಅಂಚಿಗೆ ಒಯ್ದಿತು. ಅದು 1972ನೆಯ ಇಸವಿ. ಒಂದು ರಾತ್ರಿ ತಂದೆಯವರು ಜ್ವರದಿಂದ ಮೈ ಸುಡುತ್ತಿದ್ದಂತೆಯೇ ಕೊಟ್ಟೂರಿನಿಂದ ಬಂದರು. ಹಣದ ಸಂಚಿಯನ್ನು ಅವ್ವನ ಕೈಗೆ ಕೊಟ್ಟು, ತೊಗಲಿನ ಚೀಲವನ್ನು ದಿಂಬಿನ ಪಕ್ಕದಲ್ಲಿಟ್ಟು ಹಾಗೆಯೇ ಮಲಗಿಬಿಟ್ಟರು. ಬೆಳಗಾಯಿತು. ಅವ್ವ ಹಿತ್ತಲಿನಲ್ಲಿದ್ದಳು. ತಂದೆಯವರಿಗೆ ಇನ್ನೂ ಎಚ್ಚರವಾಗಿರಲಿಲ್ಲ. ನಾನು ಮೆಲ್ಲನೆ ಚೀಲವನ್ನೆತ್ತಿಕೊಂಡು ಪಡಸಾಲೆಗೆ ಬಂದೆ. ಏಳು ವರ್ಷದ ನನ್ನ ತಮ್ಮ ಅಲ್ಲಿ ಆಡುತ್ತ ಕುಳಿತಿದ್ದ.

ಕೈಯಲ್ಲಿ ಹಿಡಿದಾಗ ಅದರ ಭಾರವೇ ನನಗೆ ಆಶ್ಚರ್ಯವನ್ನುಂಟುಮಾಡಿತು. ಜಾತ್ರೆಯಲ್ಲಿ ಕೊಂಡ ಆಟದ ಪಿಸ್ತೂಲಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. "ತಂದೆಯವರು ಮನೆಗೆ ಬಂದೊಡನೆ ತೋಟಾಗಳನ್ನು ತೆಗೆದಿಡುತ್ತಾರೆ, ಇದು ಬರಿದಾಗಿರುತ್ತದೆ" ಎಂದು ನಾನು ನಂಬಿದ್ದೆ. ಊರಿಗೆ ಬರುತ್ತಿದ್ದ ಡೇರೆ ಸಿನಿಮಾದಲ್ಲಿ ಕಂಡ ವೀರರಂತೆ ಒಂದು ಕಣ್ಣನ್ನು ಮುಚ್ಚಿ, ತಮ್ಮನತ್ತ ಗುರಿಯಿಟ್ಟು, ಬೆರಳಿನಿಂದ ಟ್ರಿಗರನ್ನು ಎಳೆಯತೊಡಗಿದೆ. ಅದು ಬಿಗಿಯಾಗಿತ್ತು. ಎಳೆದಂತೆ ಅದರ ನಡುವಿನ ಉರುಳೆ ಮೆಲ್ಲನೆ ತಿರುಗುವುದು ಕಾಣಿಸಿತು. ತಮ್ಮ ನಗುತ್ತಿದ್ದ.

"ತಮ್ಮಾ, ಕೆಳಗಿಡೋ ಅದನ್ನ!" ಎಂದು ಅವ್ವ ಬಾಗಿಲಲ್ಲಿ ನಿಂತು ಕೂಗಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ನನ್ನ ಬೆರಳು ಸಡಿಲವಾಯಿತು. ಆ ಕೂಗಿಗೆ ಎದ್ದು ಬಂದ ತಂದೆಯವರು ಒಂದು ಮಾತನ್ನೂ ಆಡದೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು; ನಡುವೆ ಮುರಿದು ತೆರೆದರು. ಆರು ಕೋಣೆಗಳಲ್ಲಿ ಐದು ತುಂಬಿದ್ದವು. ಐದು ತೋಟಾಗಳು ಅವರ ಅಂಗೈಗೆ ಬಿದ್ದವು.

ಹೊಡೆತ ಬೀಳುವುದೆಂದು ನಾನು ಕಾದು ನಿಂತೆ. ಹೊಡೆತ ಬೀಳಲಿಲ್ಲ. ತಂದೆಯವರು ಗೋಡೆಗೆ ಒರಗಿ ಕುಳಿತು ಬಹಳ ಹೊತ್ತು ತಮ್ಮನನ್ನೇ ನೋಡುತ್ತಿದ್ದರು. ಅವರ ಕೈ ನಡುಗುತ್ತಿದ್ದುದನ್ನು ಅಂದೇ ನಾನು ಮೊದಲ ಬಾರಿಗೆ ಕಂಡದ್ದು. ಕೊನೆಗೆ ಅವರು, "ತಪ್ಪು ನಿನ್ನದೂ ಹೌದು. ಆದರೆ ಮೊದಲನೆಯ ತಪ್ಪು ನನ್ನದು. ತುಂಬಿದ ಆಯುಧವನ್ನು ತಲೆಯ ಪಕ್ಕದಲ್ಲಿಟ್ಟು ಮಲಗಿದೆ. ಜ್ವರವಿತ್ತು ಎಂದರೆ ಗುಂಡು ಕೇಳುತ್ತದೆಯೇ?" ಎಂದರು. ಅವರ ಏಟಿಗಿಂತ ಆ ಮಾತೇ ನನಗೆ ಹೆಚ್ಚು ನೋವನ್ನುಂಟುಮಾಡಿತು.

ಜ್ವರ ಬಿಟ್ಟ ಮೇಲೆ ಒಂದು ಸಂಜೆ ಅವರು ನನ್ನನ್ನು ಕರೆದರು. "ಇಲ್ಲಿ ಬಂದು ಕುಂದ್ರು. ಇದನ್ನು ಬಚ್ಚಿಟ್ಟೆ, ಆದರೆ ತಿಳಿಸಿ ಹೇಳಲಿಲ್ಲ. ತಿಳಿಯದ್ದನ್ನು ಬಚ್ಚಿಟ್ಟರೆ ಹುಡುಗರ ಕೈ ಸುಮ್ಮನಿರುವುದಿಲ್ಲ" ಎಂದರು. ಮೊದಲು ರಿವಾಲ್ವರನ್ನು ತೆರೆದು ಅದು ಬರಿದಾಗಿರುವುದನ್ನು ತಾವು ನೋಡಿದರು. ಬಳಿಕ ನನಗೆ ತೋರಿಸಿದರು. ಮತ್ತೊಮ್ಮೆ ತಾವು ನೋಡಿದರು. ಅನಂತರವೇ ಪಾಠ ಆರಂಭವಾಯಿತು.

ರಿವಾಲ್ವರ್ ಎಂಬ ಹೆಸರಿಗೆ ತಿರುಗುವಂಥದು ಎಂದು ಅರ್ಥ. ಅದರ ನಡುವೆ ಒಂದು ಉಕ್ಕಿನ ಉರುಳೆಯಿದೆ. ಉರುಳೆಯಲ್ಲಿ ಸುತ್ತಲೂ ಆರು ಕೋಣೆಗಳು. ಒಂದೊಂದು ಕೋಣೆಗೆ ಒಂದೊಂದು ತೋಟಾ. ಹಿಂದೆ ಸುತ್ತಿಗೆಯಂತಹ ಒಂದು ಭಾಗವಿದೆ. ಹಳೆಯ ಬಂದೂಕುಗಳಲ್ಲಿ ಅದನ್ನೇ ಕುದುರೆ ಎನ್ನುತ್ತಿದ್ದರು. ಟ್ರಿಗರನ್ನು ಎಳೆದಾಗ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಕುದುರೆ ಹಿಂದಕ್ಕೆ ಬಾಗುತ್ತದೆ. ಅದೇ ಹೊತ್ತಿಗೆ ಉರುಳೆ ಒಂದು ಕೋಣೆಯಷ್ಟು ತಿರುಗಿ ಮುಂದಿನ ತೋಟಾವನ್ನು ಕೊಳವೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ಎಳೆತ ಕೊನೆಯನ್ನು ಮುಟ್ಟಿದೊಡನೆ ಕುದುರೆ ಬಿಡುಗಡೆಯಾಗಿ ತೋಟಾದ ತಳಕ್ಕೆ ಬಡಿಯುತ್ತದೆ. ಅಲ್ಲಿರುವ ಸೂಕ್ಷ್ಮವಾದ ಮದ್ದು ಕಿಡಿಯಾಗಿ, ಹಿತ್ತಾಳೆಯ ಕೋಶದೊಳಗಿನ ಮದ್ದಿಗೆ ಬೆಂಕಿ ಹತ್ತುತ್ತದೆ. ಮದ್ದು ಕ್ಷಣದಲ್ಲಿ ಉರಿದು ಅನಿಲವಾಗಿ ಹಿಗ್ಗಿ, ಗುಂಡನ್ನು ಕೊಳವೆಯಲ್ಲಿ ಮುಂದಕ್ಕೆ ತಳ್ಳುತ್ತದೆ. ಕೊಳವೆಯ ಒಳಮೈಯಲ್ಲಿ ಸುರುಳಿಯಾದ ಗೀರುಗಳಿವೆ. ಅವುಗಳಿಂದ ಗುಂಡು ತನ್ನ ಸುತ್ತ ತಾನೇ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ವಾಲದೆ ನಿಲ್ಲುವಂತೆ, ತಿರುಗುವ ಗುಂಡು ದಾರಿ ತಪ್ಪದೆ ಹೋಗುತ್ತದೆ.

"ಅಪ್ಪಾ, ಐದೇ ತೋಟಾ ಏಕೆ ಹಾಕಿದ್ದೆ? ಆರನೆಯ ಕೋಣೆ ಬರಿದಾಗಿತ್ತಲ್ಲ?" ಎಂದು ಕೇಳಿದೆ.

"ಗಾಡಿಯಲ್ಲಿ ಹೋಗುವಾಗ ಕುದುರೆಯ ಎದುರಿಗೆ ಬರಿಯ ಕೋಣೆ ಇರಲಿ ಎಂದು ಒಂದನ್ನು ಬಿಡುತ್ತೇನೆ. ಬಿದ್ದರೆ, ತಾಗಿದರೆ ಅಪಾಯವಾಗಬಾರದು. ಆದರೆ ನೀನು ಟ್ರಿಗರನ್ನು ಎಳೆಯುತ್ತಿದ್ದಂತೆ ಉರುಳೆ ತಿರುಗುತ್ತಿತ್ತು. ಬರಿಯ ಕೋಣೆ ಪಕ್ಕಕ್ಕೆ ಸರಿದು, ತುಂಬಿದ ಕೋಣೆ ಮುಂದಕ್ಕೆ ಬರುತ್ತಿತ್ತು. ಇನ್ನು ಒಂದು ಉಗುರಿನಷ್ಟು ಎಳೆದಿದ್ದರೆ..." ಎಂದು ಹೇಳಿ ತಂದೆಯವರು ಮಾತನ್ನು ನಿಲ್ಲಿಸಿದರು. ಯಂತ್ರದ ರಚನೆಯನ್ನು ನಾನು ಅಂದಿನಷ್ಟು ಚೆನ್ನಾಗಿ ಮತ್ತೆಂದೂ ಕಲಿತಿಲ್ಲ.

ಬಳಿಕ ಅವರು ಆ ಲೋಹದ ಮೇಲೆ ಒತ್ತಿದ್ದ ಸಣ್ಣ ಅಕ್ಷರಗಳನ್ನೂ ಗುರುತುಗಳನ್ನೂ ಓದಿಸಿದರು. ವೆಬ್ಲಿ ಅಂಡ್ ಸ್ಕಾಟ್ ಎಂಬುದು ತಯಾರಿಸಿದವರ ಹೆಸರು. ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಂಸ್ಥೆ. ಬ್ರಿಟಿಷ್ ಸೈನ್ಯಕ್ಕೆ 1887ರಿಂದ ವೆಬ್ಲಿ ರಿವಾಲ್ವರುಗಳು ಸರಬರಾಜಾಗುತ್ತಿದ್ದವು. ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಗಳ ಸೊಂಟದಲ್ಲಿದ್ದುದು ಇದೇ ಮನೆತನದ ದೊಡ್ಡ ರಿವಾಲ್ವರ್. ತಂದೆಯವರದು ನಾಗರಿಕರಿಗಾಗಿ ಮಾಡಿದ ಚಿಕ್ಕ ಬಗೆ. .32 ಎಂಬ ಅಂಕೆ ಗುಂಡಿನ ಅಗಲವನ್ನು ಅಂಗುಲದ ನೂರನೆಯ ಭಾಗಗಳಲ್ಲಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಸುಮಾರು 8 ಮಿಲಿಮೀಟರು. ಕಿರೀಟದಂತಹ ಮತ್ತೊಂದು ಗುರುತು ಪರೀಕ್ಷೆಯ ಮುದ್ರೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರ ಕಾಯಿದೆಯಂತೆ ಒಂದು ಪರೀಕ್ಷಾಗೃಹವನ್ನು ಸ್ಥಾಪಿಸಿದರು. ವಾಡಿಕೆಗಿಂತ ಹೆಚ್ಚು ಬಲವಾದ ಮದ್ದನ್ನು ತುಂಬಿ ಹಾರಿಸಿ, ಸಿಡಿಯದೆ ಉಳಿದ ಆಯುಧಕ್ಕೆ ಮಾತ್ರ ಅಲ್ಲಿ ಮುದ್ರೆಯೊತ್ತುತ್ತಿದ್ದರು. ಕೊಳ್ಳುವ ಮೊದಲು ಗಡಿಗೆಯನ್ನು ಬಡಿದು ನೋಡುವ ನಮ್ಮ ಹೆಂಗಸರ ಜಾಣತನವೇ ಅಲ್ಲಿ ಶಾಸನವಾಗಿತ್ತು ಎನ್ನಬಹುದು.

ತಿರುಗುವ ಉರುಳೆಯ ಕಥೆಯಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ಎಂಬ ಹುಡುಗ 1830ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಕೋರ್ವೊ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಪ್ರಯಾಣ ಮಾಡಿದನು. ಆ ಯಾನದಲ್ಲಿ ಅವನು ತಿರುಗುವ ಉರುಳೆಯ ಮಾದರಿಯೊಂದನ್ನು ಮರದಲ್ಲಿ ಕೆತ್ತಿದನಂತೆ. ಹಡಗಿನ ತಿರುಗುವ ಚಕ್ರವನ್ನು ನೋಡಿ ಅವನಿಗೆ ಈ ಕಲ್ಪನೆ ಬಂದಿತೆಂದು ಹೇಳುವುದುಂಟು. 1836ರಲ್ಲಿ ಅವನು ಅಮೆರಿಕದಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಅಂದಿನವರೆಗೆ ಒಂದು ಬಾರಿ ಹಾರಿಸಿದ ಮೇಲೆ ಮತ್ತೆ ಮದ್ದು ತುಂಬುವಷ್ಟು ಹೊತ್ತು ಇರುತ್ತಿತ್ತು. ಆ ಹೊತ್ತಿನಲ್ಲಿ ಎದುರಾಳಿ ಓಡಬಹುದಾಗಿತ್ತು. ಹಾರಿಸಿದವನೂ ತನ್ನ ಕೋಪದ ಬಗ್ಗೆ ಯೋಚಿಸಬಹುದಾಗಿತ್ತು. ರಿವಾಲ್ವರ್ ಬಂದ ಮೇಲೆ ಆ ಬಿಡುವು ಇಲ್ಲವಾಯಿತು.

ತೊಗಲಿನ ಚೀಲದ ಜೊತೆಯಲ್ಲಿ ಒಂದು ಸಣ್ಣ ಪುಸ್ತಕವೂ ಇತ್ತು. ಅದೇ ಪರವಾನಿಗೆ. ಅದರಲ್ಲಿ ತಂದೆಯವರ ಭಾವಚಿತ್ರ, ಆಯುಧದ ಸಂಖ್ಯೆ, ಇಟ್ಟುಕೊಳ್ಳಬಹುದಾದ ತೋಟಾಗಳ ಲೆಕ್ಕ, ನವೀಕರಣದ ಮೊಹರುಗಳು ಇದ್ದವು. ಚುನಾವಣೆ ಬಂದಾಗ ರಿವಾಲ್ವರನ್ನು ಠಾಣೆಗೆ ಒಪ್ಪಿಸಿ ರಸೀತಿಯನ್ನು ತರುತ್ತಿದ್ದರು. "ನಮ್ಮ ದುಡ್ಡಿನಲ್ಲಿ ಕೊಂಡ ವಸ್ತುವಿಗೆ ಸರಕಾರದ ಅಪ್ಪಣೆ ಏಕೆ?" ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಮುಂದೆ ನಾನು ಉಪಾಧ್ಯಾಯನಾಗಿ ಇತಿಹಾಸವನ್ನು ಬೋಧಿಸತೊಡಗಿದಾಗ ಅದಕ್ಕೆ ಉತ್ತರವನ್ನು ಹುಡುಕಿದೆ. ಉತ್ತರದ ಮೊದಲ ತುಣುಕು ನಮ್ಮ ಸೀಮೆಯಲ್ಲಿಯೇ ದೊರಕಿತು.

ಗುಡೇಕೋಟೆ, ಜರಿಮಲೆ, ಹರಪನಹಳ್ಳಿಗಳು ಪಾಳೆಯಗಾರರ ನೆಲೆಗಳು. ಅವರ ಕಾಲದಲ್ಲಿ ಆಯುಧವೆಂದರೆ ಅಧಿಕಾರ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಇಲ್ಲಿಗೆ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಆಡಳಿತ ನಡೆಸಿ, ಪಾಳೆಯಗಾರರ ಸೈನ್ಯಬಲವನ್ನು ಮುರಿದನು. ಕೋಟೆಗಳು ಬರಿದಾದವು, ಆಯುಧಗಳು ಅಟ್ಟವನ್ನು ಸೇರಿದವು.

ಅನಂತರದ ಅಧ್ಯಾಯ ಹೆಚ್ಚು ದುಃಖಕರವಾದುದು. 1857ರಲ್ಲಿ ಉತ್ತರ ಭಾರತದಲ್ಲಿ ದಂಗೆಯೆದ್ದಾಗ, ಜನರು ತಮ್ಮಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಬ್ರಿಟಿಷರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಹೊರಡಿಸಿದರು. ಅಂದಿನ ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಹಳ್ಳಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಬೇಟೆ ಮತ್ತು ಕಾವಲು ಅವರ ಬದುಕು. ಆಯುಧ ಅವರ ಮಾನ. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ದಂಡು ಹಲಗಲಿಯ ಮೇಲೆ ಬಿದ್ದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಅನೇಕರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ವೀರರ ಕಥೆಯನ್ನು ಲಾವಣಿಕಾರರು ಹಾಡಿ ಉಳಿಸಿದ್ದಾರೆ.

1878ರಲ್ಲಿ ಲಾರ್ಡ್ ಲಿಟ್ಟನ್ ವೈಸರಾಯ್ ಆಗಿದ್ದಾಗ ಭಾರತೀಯ ಶಸ್ತ್ರಾಸ್ತ್ರ ಕಾಯಿದೆ ಬಂದಿತು. ಭಾರತೀಯರು ಆಯುಧವನ್ನಿಟ್ಟುಕೊಳ್ಳಲು ಪರವಾನಿಗೆ ಬೇಕಾಯಿತು. ಯುರೋಪಿಯನ್ನರಿಗೆ ವಿನಾಯಿತಿ ದೊರೆಯಿತು. ಜನರನ್ನು ಅಪಾಯದಿಂದ ಕಾಪಾಡುವುದಕ್ಕಿಂತ, ಆಳುವವರನ್ನು ಜನರಿಂದ ಕಾಪಾಡುವುದೇ ಆ ಕಾಯಿದೆಯ ಉದ್ದೇಶವೆಂದು ಭಾರತೀಯರು ನೊಂದುಕೊಂಡುದರಲ್ಲಿ ಆಶ್ಚರ್ಯವಿಲ್ಲ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಮೂಲಭೂತ ಹಕ್ಕುಗಳ ಪಟ್ಟಿಯನ್ನು ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಹೊಂದುವ ಹಕ್ಕನ್ನೂ ಅದರಲ್ಲಿ ಸೇರಿಸಿತು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಅಪವಾದವಿದೆ. ಅದು ಕೊಡಗು. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಲ್ಲಿ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಆರಂಭವಾದ ವಿನಾಯಿತಿಯು ಸ್ವಾತಂತ್ರ್ಯಾನಂತರವೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬದಲ್ಲಿ ಕೊಡವರು ಕೋವಿಯನ್ನು ಪೂಜಿಸುತ್ತಾರೆ. ಮನೆಯಲ್ಲಿ ಮಗು ಹುಟ್ಟಿದಾಗ, ಹಿರಿಯರು ತೀರಿಕೊಂಡಾಗ ಕೋವಿಯ ಸದ್ದಿನಿಂದ ಸುತ್ತಲವರಿಗೆ ಸುದ್ದಿ ತಿಳಿಸುವ ಸಂಪ್ರದಾಯ ಅವರದು.

ಸ್ವತಂತ್ರ ಭಾರತದ ಪಾರ್ಲಿಮೆಂಟು 1959ರಲ್ಲಿ ಹೊಸ ಶಸ್ತ್ರಾಸ್ತ್ರ ಕಾಯಿದೆಯನ್ನು ಮಾಡಿತು. 1962ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದು, 1878ರ ಕಾಯಿದೆ ರದ್ದಾಯಿತು. ಹಳೆಯದರಲ್ಲಿಯೂ ಪರವಾನಿಗೆಯಿತ್ತು, ಹೊಸದರಲ್ಲಿಯೂ ಇದೆ. ಹಾಗಾದರೆ ವ್ಯತ್ಯಾಸವೇನು? ಹಳೆಯದು ಪರರು ನಮ್ಮ ಮೇಲಿನ ಭಯದಿಂದ ಹೇರಿದ್ದು. ಬಣ್ಣವನ್ನು ನೋಡಿ ವಿನಾಯಿತಿ ಕೊಟ್ಟದ್ದು. ಹೊಸದು ನಾವು ಆರಿಸಿದವರು ನಮ್ಮೆಲ್ಲರ ಸುರಕ್ಷತೆಗಾಗಿ ಮಾಡಿದ್ದು. ನನ್ನ ಮನೆಯಲ್ಲಿರುವ ಆಯುಧದಿಂದ ನೆರೆಯವನಿಗೆ ಅಪಾಯವಾಗಬಹುದಾದ್ದರಿಂದ, ಅದರ ಲೆಕ್ಕವನ್ನು ಕೇಳುವ ಹಕ್ಕು ಅವನಿಗೂ ಇದೆ. ಆ ಹಕ್ಕನ್ನು ಅವನ ಪರವಾಗಿ ಸರಕಾರ ಚಲಾಯಿಸುತ್ತದೆ. ಪರವಾನಿಗೆಯ ಪುಸ್ತಕದ ಅರ್ಥ ಇಷ್ಟೇ. ಇಂದಿನ ಕಾಯಿದೆಯಂತೆ 21 ವರ್ಷ ತುಂಬದವರಿಗೆ ಪರವಾನಿಗೆ ಸಿಗುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ.

ಒಮ್ಮೆ ನಾನು, "ಅಪ್ಪಾ, ನೀನು ಇದನ್ನು ಎಂದಾದರೂ ಯಾರ ಮೇಲಾದರೂ ಹಾರಿಸಿದ್ದೀಯಾ?" ಎಂದು ಕೇಳಿದೆ. ಆಗ ನಾನು ಕಾಲೇಜಿನಲ್ಲಿದ್ದೆ. ಸಾಹಸದ ಕಥೆಯೊಂದು ಬರುವುದೆಂದು ನನ್ನ ನಿರೀಕ್ಷೆ.

"ಹಾರಿಸಿಲ್ಲ. ಒಮ್ಮೆ ಕೈ ಹೋಗಿತ್ತು" ಎಂದರು. "ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ. ಹಳ್ಳದ ದಾರಿಯಲ್ಲಿ ಒಬ್ಬ ಓಡಿಬಂದು ಎತ್ತುಗಳ ಎದುರಿಗೆ ನಿಂತ. ಅವನ ತೋಳಿನಲ್ಲಿ ಕಂಬಳಿ ಸುತ್ತಿದ್ದು ಏನೋ ಇತ್ತು. ನನ್ನ ಸೊಂಟದಲ್ಲಿ ಹಣವಿತ್ತು. ಯಾರು ಎಂದು ಕೂಗಿದೆ, ಅವನು ಮಾತನಾಡಲಿಲ್ಲ. ರಿವಾಲ್ವರನ್ನು ತೆಗೆದೆ. ಅಷ್ಟರಲ್ಲಿ ಕಂಬಳಿಯೊಳಗಿಂದ ಮಗು ಅತ್ತಿತು. ಮಗನಿಗೆ ಜ್ವರ ನೆತ್ತಿಗೇರಿ ದವಾಖಾನೆಗೆ ಹೊರಟಿದ್ದನಂತೆ. ಓಡಿ ಓಡಿ ಏದುಸಿರು ಬಿಡುತ್ತಿದ್ದವನಿಗೆ ಬಾಯಿಂದ ಮಾತೇ ಹೊರಡಲಿಲ್ಲ."

"ಆಮೇಲೆ?"

"ಗಾಡಿಯಲ್ಲಿ ಕೂಡಿಸಿಕೊಂಡು ಬಂದೆ. ಮಗು ಉಳಿಯಿತು. ಆದರೆ ಆ ಮಗು ಅಳದೆ ಇದ್ದಿದ್ದರೆ ಏನಾಗುತ್ತಿತ್ತೆಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಕೈಯಲ್ಲಿ ಇದು ಇದ್ದಾಗ ಎದುರಿಗೆ ಬಂದವನೆಲ್ಲ ಕಳ್ಳನಂತೆ ಕಾಣುತ್ತಾನೆ, ತಮ್ಮಾ."

ಆ ಮಗು ಬೆಳೆದು ದೊಡ್ಡವನಾಗಿ, ತಂದೆಯವರನ್ನು ಕಂಡಾಗಲೆಲ್ಲ ಕೈಮುಗಿಯುತ್ತಿದ್ದ. ತಂದೆಯವರು ಅವನ ನಮಸ್ಕಾರವನ್ನು ಸ್ವೀಕರಿಸುವಾಗ ಮುಖ ತಗ್ಗಿಸುತ್ತಿದ್ದರು. ಅದರ ಕಾರಣ ನಮ್ಮ ಮನೆಯವರ ಹೊರತು ಬೇರೆ ಯಾರಿಗೂ ತಿಳಿದಿರಲಿಲ್ಲ.

ಕಾಲ ಬದಲಾಯಿತು. ಎತ್ತಿನ ಗಾಡಿಗಳು ಹೋಗಿ ಲಾರಿಗಳು ಬಂದವು. ಹಣ ಬ್ಯಾಂಕಿನಲ್ಲಿ ಸಂದಾಯವಾಗತೊಡಗಿತು. ರಿವಾಲ್ವರ್ ಟ್ರಂಕಿನಲ್ಲಿಯೂ, ತೋಟಾಗಳು ಬೇರೊಂದು ಬೀಗದ ಪೆಟ್ಟಿಗೆಯಲ್ಲಿಯೂ ಉಳಿದವು. 1972ರ ಆ ಬೆಳಗಿನ ಬಳಿಕ ಅವೆರಡನ್ನೂ ತಂದೆಯವರು ಮನೆಯಲ್ಲಿ ಒಂದೆಡೆ ಇಡಲೇ ಇಲ್ಲ. ಇಂತಹ ಶಿಸ್ತಿನಿಂದ ಬಾಳಿದ ಅವರು 2022ರಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು.

ದಿನಕರ್ಮಗಳು ಮುಗಿದ ಮೇಲೆ ಟ್ರಂಕಿನ ಮಾತು ಬಂದಿತು. "ಅಪ್ಪನ ನೆನಪು, ಮನೆಯಲ್ಲಿಯೇ ಇರಲಿ. ಯಾರಿಗೆ ಗೊತ್ತಾಗುತ್ತದೆ?" ಎಂದರು ಒಬ್ಬ ಬಂಧುಗಳು. "ಠಾಣೆ, ಕಚೇರಿ ಎಂದು ಏಕೆ ಅಲೆಯುತ್ತೀರಿ? ಹಾಳು ಬಾವಿಗೆ ಎಸೆದುಬಿಡಿ" ಎಂದರು ಇನ್ನೊಬ್ಬರು. ಎರಡೂ ಮಾತುಗಳು ಪ್ರೀತಿಯಿಂದಲೇ ಬಂದವು. ಆದರೆ ಎರಡೂ ತಪ್ಪು. ಪರವಾನಿಗೆ ವ್ಯಕ್ತಿಗೆ ಸೇರಿದ್ದೇ ಹೊರತು ಮನೆಗೆ ಸೇರಿದ್ದಲ್ಲ. ಅದನ್ನು ಪಡೆದವರು ತೀರಿಕೊಂಡ ಮೇಲೆ ಆಯುಧವನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ಬಂದೂಕು ವ್ಯಾಪಾರಿಯಲ್ಲಿ ಒಪ್ಪಿಸಬೇಕೆಂದು ಕಾಯಿದೆ ಹೇಳುತ್ತದೆ. ವಾರಸುದಾರರಿಗೆ ಬೇಕೆನಿಸಿದರೆ ತಮ್ಮ ಹೆಸರಿನಲ್ಲಿ ಹೊಸ ಪರವಾನಿಗೆಗೆ ಅರ್ಜಿ ಹಾಕಬಹುದು. ಬಚ್ಚಿಟ್ಟರೆ ಅಪರಾಧ. ಬಾವಿಗೆ ಎಸೆದರೆ, ಹೂಳೆತ್ತುವ ದಿನ ಅದು ಯಾರ ಕೈಗೆ ಸಿಕ್ಕೀತೆಂದು ಹೇಳಬಲ್ಲವರಾರು?

ನಾನು ತಮ್ಮನ ಮುಖವನ್ನು ನೋಡಿದೆ. ಐವತ್ತು ವರ್ಷಗಳ ಹಿಂದೆ ಪಡಸಾಲೆಯಲ್ಲಿ ನಗುತ್ತ ಕುಳಿತಿದ್ದ ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡವನು. ಅವನ ಮೊಮ್ಮಗ ಅಲ್ಲಿಯೇ ಆಡುತ್ತಿದ್ದ. "ಅಣ್ಣಾ, ಅಪ್ಪ ಇದನ್ನು ಲೆಕ್ಕಕ್ಕೆ ಸರಿಯಾಗಿ ತಂದರು; ಲೆಕ್ಕಕ್ಕೆ ಸರಿಯಾಗಿಯೇ ಒಪ್ಪಿಸೋಣ. ನಮಗೆ ಇದರ ಕೆಲಸವಿಲ್ಲ" ಎಂದು ಅವನು ಹೇಳಿದ.

ಅಂದೇ ಪರವಾನಿಗೆಯ ಪುಸ್ತಕ, ಮರಣದ ದಾಖಲೆ, ರಿವಾಲ್ವರ್, ಎಣಿಸಿದ ತೋಟಾಗಳು ಇಷ್ಟನ್ನೂ ತೆಗೆದುಕೊಂಡು ಊರಿನ ಠಾಣೆಗೆ ಹೋದೆವು. ಅಲ್ಲಿಯ ಅಧಿಕಾರಿ ರಿವಾಲ್ವರನ್ನು ತೆರೆದು, ಬರಿದಾಗಿರುವುದನ್ನು ನೋಡಿ, ಸಂಖ್ಯೆಯನ್ನು ಪುಸ್ತಕದೊಡನೆ ತಾಳೆ ನೋಡಿದರು. ನವೀಕರಣದ ಮೊಹರುಗಳನ್ನು ಒಂದೊಂದಾಗಿ ಮಗುಚುತ್ತ, "ಮೇಷ್ಟ್ರೇ, ಒಂದು ಸಲವೂ ತಪ್ಪಿಸಿಲ್ಲವಲ್ಲ!" ಎಂದರು. ತಂದೆಯವರ ಬಗ್ಗೆ ನಾನು ಕೇಳಿದ ಹೊಗಳಿಕೆಗಳಲ್ಲಿ ಅದೇ ನನಗೆ ಹೆಚ್ಚು ಪ್ರಿಯವಾದುದು. ರಸೀತಿಯನ್ನು ಪಡೆದು ಮನೆಗೆ ಬಂದೆವು.

ಮರುದಿನ ಉಳಿದ ಕಾಗದಪತ್ರಗಳಿಗಾಗಿ ಜಿಲ್ಲಾ ಕೇಂದ್ರವಾದ ಹೊಸಪೇಟೆಗೆ ಹೋಗಿ ಹಿಂದಿರುಗುವಾಗ ಕೂಡ್ಲಿಗಿಯಲ್ಲಿ ಇಳಿದೆವು. ಅಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿರುವ ಹುತಾತ್ಮರ ಸ್ಮಾರಕವಿದೆ. 1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಅವರ ದೇಹಕ್ಕೆ ಹೊಕ್ಕ ಗುಂಡುಗಳು ಮೂರು. ಅವು ಹೊರಟದ್ದು ಇಟಲಿಯಲ್ಲಿ ತಯಾರಾಗಿ, ಕೈಯಿಂದ ಕೈಗೆ ದಾಟುತ್ತ ಬಂದ ಒಂದು ಪಿಸ್ತೂಲಿನಿಂದ. ಲೆಕ್ಕವಿಲ್ಲದೆ ಅಲೆದ ಒಂದು ಆಯುಧ ಕೊನೆಗೆ ಎಲ್ಲಿ ಮುಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಅಲ್ಲಿ ಮೌನವಾಗಿ ನಿಂತು, ಸಂಜೆಯ ಬಸ್ಸಿಗೆ ಊರಿಗೆ ಬಂದೆವು.

ಈಗಲೂ ನಮ್ಮ ಮನೆಯಲ್ಲಿ ಆಯುಧಪೂಜೆ ನಡೆಯುತ್ತದೆ. ಕುಡುಗೋಲು, ತಕ್ಕಡಿ, ತೂಕದ ಕಲ್ಲುಗಳ ಸಾಲಿನ ಕೊನೆಯಲ್ಲಿ ತಂದೆಯವರ ಬರಿಯ ತೊಗಲಿನ ಚೀಲವನ್ನು ಇಡುತ್ತೇವೆ. ಅದರಲ್ಲಿ ಏನಿತ್ತೆಂದು ಮಕ್ಕಳು ಕೇಳುತ್ತಾರೆ. ನಾವು ಬಚ್ಚಿಡುವುದಿಲ್ಲ. ಪಡಸಾಲೆಯಲ್ಲಿ ನಡೆದುದನ್ನೂ, ಕಂಬಳಿಯಲ್ಲಿ ಅತ್ತ ಮಗುವನ್ನೂ ಕುರಿತು ಹೇಳುತ್ತೇವೆ. ತಂದೆಯವರು ನನಗೆ ಕಲಿಸಿದುದನ್ನೂ ಹೇಳಿಕೊಡುತ್ತೇವೆ: ಯಾವ ಬಂದೂಕನ್ನೂ ಬರಿದೆಂದು ನಂಬಬೇಡಿ, ಆಟಕ್ಕೂ ಯಾರತ್ತಲೂ ಗುರಿಯಿಡಬೇಡಿ, ಎಲ್ಲಿಯಾದರೂ ಕಂಡರೆ ಮುಟ್ಟದೆ ಹಿರಿಯರಿಗೆ ತಿಳಿಸಿ. ಮಕ್ಕಳು ಕೇಳುತ್ತಾರೆ, ಚೀಲದೊಳಗೆ ಒಮ್ಮೆ ಇಣುಕಿ ನೋಡುತ್ತಾರೆ, ಬಳಿಕ ಬೆಲ್ಲ, ಪುಠಾಣಿಗಾಗಿ ಕೈಯೊಡ್ಡುತ್ತಾರೆ.

ಪದಗಳ ಅರ್ಥ

ತೋಟಾ – ಮದ್ದು ಮತ್ತು ಗುಂಡನ್ನು ಒಳಗೊಂಡ ಲೋಹದ ಕೋಶ
ಪಾಳೆಯಗಾರ – ಸಣ್ಣ ಸೀಮೆಯನ್ನು ಆಳುತ್ತಿದ್ದ ನಾಯಕ
ನಿಶ್ಶಸ್ತ್ರೀಕರಣ – ಆಯುಧಗಳನ್ನು ಕಸಿದುಕೊಳ್ಳುವುದು
ವಿನಾಯಿತಿ – ನಿಯಮದಿಂದ ಬಿಡುಗಡೆ
ವಾರಸುದಾರ – ಆಸ್ತಿಗೆ ಹಕ್ಕುಳ್ಳವನು
ತಾಳೆ ನೋಡು – ಹೋಲಿಸಿ ಪರಿಶೀಲಿಸು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಲೇಖಕರ ತಂದೆಯವರು ರಿವಾಲ್ವರನ್ನು ಕೊಂಡುದಕ್ಕೆ ಕಾರಣವೇನು?
2. ರಿವಾಲ್ವರ್ ಎಂಬ ಪದದ ಅರ್ಥವೇನು?
3. ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯಿದೆ ಎಂದಿನಿಂದ ಜಾರಿಗೆ ಬಂದಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಒಂದು ಕೋಣೆ ಬರಿದಾಗಿದ್ದರೂ ತಮ್ಮನಿಗೆ ಅಪಾಯವಿದ್ದುದು ಹೇಗೆ?
2. ಹಲಗಲಿಯ ಬೇಡರು ಬ್ರಿಟಿಷರ ಆಜ್ಞೆಯನ್ನು ಏಕೆ ಒಪ್ಪಲಿಲ್ಲ? ಅದರ ಪರಿಣಾಮವೇನಾಯಿತು?
3. 1878ರ ಕಾಯಿದೆಗೂ 1959ರ ಕಾಯಿದೆಗೂ ಲೇಖಕರು ಕಾಣುವ ವ್ಯತ್ಯಾಸವೇನು?

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ.
1. "ಜ್ವರವಿತ್ತು ಎಂದರೆ ಗುಂಡು ಕೇಳುತ್ತದೆಯೇ?"
2. "ಕೈಯಲ್ಲಿ ಇದು ಇದ್ದಾಗ ಎದುರಿಗೆ ಬಂದವನೆಲ್ಲ ಕಳ್ಳನಂತೆ ಕಾಣುತ್ತಾನೆ, ತಮ್ಮಾ."
3. "ಮೇಷ್ಟ್ರೇ, ಒಂದು ಸಲವೂ ತಪ್ಪಿಸಿಲ್ಲವಲ್ಲ!"

ಈ) ನಿಮ್ಮ ಮನೆಯಲ್ಲಿ ಹಿರಿಯರಿಂದ ಬಂದ ಒಂದು ಹಳೆಯ ವಸ್ತುವಿನ ಕಥೆಯನ್ನು ಮನೆಯವರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.